ಬಾಗಿಲಮ್ಮ ಮತ್ತು ಓಡುವ ರಾಟೆ

ನನ್ನ ಅತ್ತಿಗೆಯನ್ನು ಕೆಲಸದ ಕಡೆ ಎಲ್ಲರೂ ಬಾಗಿಲಮ್ಮ ಎನ್ನುತ್ತಾರೆ. ಗೋದಾಮು, ಗಿರಣಿ, ಲಾರಿ ಶೆಡ್ಡುಗಳಿಗೆ ಮೇಲೇರುವ ದೊಡ್ಡ ಬಾಗಿಲು ಕೂರಿಸುವುದು ಅವಳ ಕಸುಬು. ಅವಳ ವಿಷಯ ಬಂದರೆ ಜನರ ಬಾಯಲ್ಲಿ ಎರಡೇ ಮಾತು. ಗಂಡನನ್ನು ಬಾಗಿಲಿಗೆ ಬಲಿ ಕೊಟ್ಟವಳು ಎಂದು ಕೆಲವರು, ಗಂಡ ಮೂಲೆ ಹಿಡಿದರೂ ಸಂಸಾರ ತೂಗಿಸಿದ ಮಹಾತಾಯಿ ಎಂದು ಇನ್ನು ಕೆಲವರು. ಎರಡರಲ್ಲಿ ಯಾವುದನ್ನು ಕೇಳಿದರೂ ನನಗೆ ಮೈಯೆಲ್ಲ ಉರಿಯುತ್ತದೆ. ಹೊಡೆದವನು ನನ್ನ ಒಡಹುಟ್ಟಿದ ಅಣ್ಣ. ಹೊಡೆಸಿಕೊಂಡವಳು ಅಕ್ಕನಿಲ್ಲದ ನನಗೆ ಅಕ್ಕನಾದವಳು. ಅವರ ಮನೆಯ ಎದುರು ಸಾಲಿನಲ್ಲೇ ನನ್ನ ಹೊಲಿಗೆ ಅಂಗಡಿ. ಮಿಷನ್ನಿನ ಸದ್ದಿನ ನಡುವೆಯೂ ಆ ಮನೆಯ ಸದ್ದು ನನಗೆ ಕೇಳುತ್ತಿತ್ತು. ಹಾಗಾಗಿ ಅವಳ ಕಥೆ ಹೇಳುವುದಾದರೆ ನಾನೇ ಹೇಳಬೇಕು, ಉಳಿದವರು ಸ್ವಲ್ಪ ಬಾಯಿ ಮುಚ್ಚಿಕೊಂಡಿರಲಿ.

ಮೊದಲು ಬಾಗಿಲಿನ ಕಥೆ. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಈ ಕಸುಬು ಅಪ್ಪನದು. ಅವನು ಕೂರಿಸುತ್ತಿದ್ದ ಬಾಗಿಲು ಮನೆಯ ಬಾಗಿಲಿನಂತೆ ಪಕ್ಕಕ್ಕೆ ತೆರೆಯುವುದಲ್ಲ. ಅಡ್ಡ ಹಲಗೆಗಳನ್ನು ಕೀಲು ಹಾಕಿ ಒಂದರ ಕೆಳಗೊಂದು ಜೋಡಿಸಿರುತ್ತಾರೆ. ಹಲಗೆಗಳ ಅಂಚಿನಲ್ಲಿ ಚಿಕ್ಕ ಗಾಲಿಗಳು, ಗಾಲಿ ಓಡುವುದಕ್ಕೆ ಗೋಡೆಯ ಎರಡೂ ಬದಿಗೆ ಕಬ್ಬಿಣದ ಪಟ್ಟಿ. ಎತ್ತಿದರೆ ಬಾಗಿಲು ಗೋಡೆಗುಂಟ ಏರಿ, ಬಾಗಿ, ಸೂರಿನ ಕೆಳಗೆ ಹೋಗಿ ಮಲಗುತ್ತದೆ. ಮೂರು ಗಂಡಾಳು ಸೇರಿ ಹೊರಬೇಕಾದ ತೂಕವನ್ನು ಒಬ್ಬ ಹೆಂಗಸು ಒಂದೇ ಕೈಯಲ್ಲಿ ಎತ್ತಬಹುದು. ಎತ್ತುವವಳು ನಿಜವಾಗಿ ಅವಳಲ್ಲ, ಸೂರಿನ ಕೆಳಗೆ ಎರಡೂ ಬದಿಗೆ ಮಲಗಿರುವ ತೋಳುದ್ದದ ಸ್ಪ್ರಿಂಗುಗಳು.

ಅತ್ತಿಗೆ ಮದುವೆಯಾಗಿ ಬಂದ ಹೊಸತರಲ್ಲಿ ಅಪ್ಪ ಅವಳಿಗೆ ಇದನ್ನು ಹೇಳಿಕೊಟ್ಟದ್ದು ನನ್ನ ಖಾಲಿ ದಾರದ ರೀಲಿನಲ್ಲಿ. ದಾರದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದ. ದಾರವನ್ನು ರೀಲಿಗೆ ಬಳಸಿ ಇನ್ನೊಂದು ತುದಿಯನ್ನು ಅವಳ ಕೈಗೆ ಕೊಟ್ಟ. ರೀಲಿನ ಬೆನ್ನಿಗೆ ಲಂಗಕ್ಕೆ ಹಾಕುವ ಎಲಾಸ್ಟಿಕ್ ಕಟ್ಟಿ, ಎಲಾಸ್ಟಿಕ್ಕಿನ ಕೊನೆಯನ್ನು ಮಂಚದ ಕಾಲಿಗೆ ಬಿಗಿದ.

"ಒಂದು ಗೇಣು ಎಳಿಯಮ್ಮ. ರೀಲು ಎಷ್ಟು ಬಂತು?"

"ಅರ್ಧ ಗೇಣು ಮಾವ."

"ಯಾಕೆ ಅರ್ಧ?"

ಅತ್ತಿಗೆ ಇನ್ನೊಂದು ಸಲ ಎಳೆದು ನೋಡಿದಳು. "ರೀಲಿನ ಆ ಕಡೆ ಒಂದೆಳೆ, ಈ ಕಡೆ ಒಂದೆಳೆ. ನಾನು ಎಳೆದಿದ್ದನ್ನ ಎರಡೂ ಹಂಚಿಕೊಳ್ತಾ ಇದಾವೆ."

"ಅಷ್ಟೇ. ದಾರ ಬೆಳೆಯಲ್ಲ, ಕುಗ್ಗಲ್ಲ. ಅದಕ್ಕೇ ಇಲ್ಲಿ ಓಡಿದ್ದಕ್ಕೆ ಅಲ್ಲಿ ಲೆಕ್ಕ ಸಿಗಲೇಬೇಕು. ರೀಲು ಎಷ್ಟು ಓಡುತ್ತೋ ಎಲಾಸ್ಟಿಕ್ ಅಷ್ಟೇ ಹಿಗ್ಗುತ್ತೆ. ನಿನ್ನ ಕೈಯೇ ಬಾಗಿಲು, ದಾರವೇ ಬಾಗಿಲಿನ ತಂತಿಹಗ್ಗ, ರೀಲೇ ಓಡೋ ರಾಟೆ, ಎಲಾಸ್ಟಿಕ್ಕೇ ಸ್ಪ್ರಿಂಗು. ಬಾಗಿಲು ಓಡಿದ್ದರ ಅರ್ಧ ಸ್ಪ್ರಿಂಗ್ ಹಿಗ್ಗುತ್ತೆ, ಆದ್ರೆ ಬಲ ಮಾತ್ರ ಎರಡರಷ್ಟು ಕೊಡ್ಬೇಕು. ಯಾಕಂದ್ರೆ ಅದನ್ನ ಎಳೀತಾ ಇರೋ ಎಳೆ ಎರಡು."

ಬಾಗಿಲಲ್ಲಿ ನಿಂತಿದ್ದ ಅಣ್ಣ ಮೂಗು ಮುರಿದ. "ಅವಳಿಗ್ಯಾಕಪ್ಪ ಇದೆಲ್ಲ? ಒಲೆ ಹಚ್ಚೋಕೆ ರಾಟೆ ಬೇಕಾ?"

"ಒಲೆ ಹಚ್ಚೋಕೆ ಬೇಡ, ನಿಮ್ಮನ್ನ ಹಾಸಿಗೆಯಿಂದ ಎಬ್ಬಿಸೋಕೆ ಬೇಕಾಗುತ್ತೆ," ಎಂದಳು ಅತ್ತಿಗೆ. ಅಪ್ಪ ಹೊಟ್ಟೆ ಹಿಡಿದು ನಕ್ಕ. ನಾನೂ ನಕ್ಕೆ. ಅಣ್ಣ ನಗಲಿಲ್ಲ. ಅವತ್ತು ನಾವು ಅಂಗಡಿಯ ಕಡೆ ಹೋದ ಮೇಲೆ ಅವಳಿಗೆ ಮೊದಲ ಏಟು ಬಿತ್ತು. ಕೆನ್ನೆ ಊದಿದ್ದನ್ನು ನೋಡಿ ಕೇಳಿದೆ. "ಬಚ್ಚಲಲ್ಲಿ ಜಾರಿ ಬಿದ್ದೆ ಕಣೇ," ಎಂದಳು. ಆ ಬಚ್ಚಲಲ್ಲಿ ನಾನು ಹುಟ್ಟಿದಾಗಿನಿಂದ ಸ್ನಾನ ಮಾಡಿದ್ದೇನೆ, ಒಂದು ದಿನವೂ ಜಾರಿಲ್ಲ.

ಅಪ್ಪನನ್ನು ಇಲ್ಲಿ ದೇವರ ಪೀಠಕ್ಕೆ ಏರಿಸಲು ನಾನು ಹೊರಟಿಲ್ಲ. ಸೊಸೆಗೆ ದಾರದ ರೀಲಿನಲ್ಲಿ ಕಲಿಸಿದ ಮನುಷ್ಯ ಮಗನಿಗೆ ಹಗ್ಗದಲ್ಲಿ ಬಾರಿಸಿ ಕಲಿಸಿದ್ದ. ಗಂಟು ಸಡಿಲವಾದರೆ ಒಂದು ಏಟು, ಹಗ್ಗ ಪಟ್ಟಿಗೆ ಉಜ್ಜಿದರೆ ಒಂದು ಏಟು. ಅಣ್ಣ ಬೆನ್ನು ಬಗ್ಗಿಸಿಕೊಂಡು ತುಟಿ ಕಚ್ಚಿ ನಿಲ್ಲುತ್ತಿದ್ದ. ಆ ಏಟುಗಳು ಎಲ್ಲಿಗೆ ಹೋದವು ಎಂದು ಅಪ್ಪ ಬದುಕಿರುವವರೆಗೂ ಕೇಳಿಕೊಳ್ಳಲಿಲ್ಲ. ಹಗ್ಗದ ಈ ತುದಿಯಲ್ಲಿ ಎಳೆದದ್ದಕ್ಕೆ ಆ ತುದಿಯಲ್ಲಿ ಲೆಕ್ಕ ಸಿಗಬೇಕು ಎಂದು ಹೇಳಿದವನೂ ಅವನೇ.

ಅಪ್ಪ ಹೋದ ಮೇಲೆ ಅಣ್ಣ, ಅತ್ತಿಗೆ ಇಬ್ಬರೇ ಕೆಲಸಕ್ಕೆ ಹೋಗತೊಡಗಿದರು. ಕೂಲಿಗೆ ಯಾರು ಬಂದರೂ ಅಣ್ಣನ ಬಾಯಿಗೆ ಹೆದರಿ ವಾರದೊಳಗೆ ಓಡಿಹೋಗುತ್ತಿದ್ದರು. ಓಡಿಹೋಗಲಾಗದವಳು ಅತ್ತಿಗೆ ಒಬ್ಬಳೇ. ಅವಳು ಏಣಿ ಹಿಡಿಯುವುದರಿಂದ ಶುರು ಮಾಡಿ ಏಣಿ ಹತ್ತುವುದಕ್ಕೆ ಬಂದಳು. ಅಪ್ಪ ಬಿಟ್ಟುಹೋದ ಎರಡು ಪದ್ಧತಿಗಳನ್ನು ಕಣ್ಣಿಗೆ ಒತ್ತಿಕೊಂಡು ಪಾಲಿಸುತ್ತಿದ್ದಳು. ಒಂದು, ಸೀಮೆಸುಣ್ಣದ ಗೆರೆ. ಬಾಗಿಲಿನ ಅಂಚಿಗೊಂದು, ಓಡುವ ರಾಟೆಯ ಪಕ್ಕದ ಪಟ್ಟಿಗೊಂದು ಗೆರೆ ಎಳೆದು, ಬಾಗಿಲನ್ನು ಎರಡು ಮೊಳ ಇಳಿಸಿ ನೋಡುವುದು. ರಾಟೆ ಒಂದು ಮೊಳ ಮುಂದೆ ಬಂದಿದ್ದರೆ ಎಲ್ಲ ನೆಟ್ಟಗಿದೆ. ಹೆಚ್ಚುಕಡಿಮೆ ಬಂದಿದ್ದರೆ ಹಗ್ಗ ಎಲ್ಲೋ ಜಾರುತ್ತಿದೆ, ಮುಂದೆ ಹೋಗಬಾರದು. ಇನ್ನೊಂದು ಹೊಟ್ಟೆ ತಂತಿ. ಸ್ಪ್ರಿಂಗಿನ ಸುರುಳಿಯೊಳಗೆ ಉದ್ದಕ್ಕೂ ಒಂದು ಉಕ್ಕಿನ ತಂತಿ ತೂರಿಸಿ ಎರಡೂ ಕೊನೆಗೆ ಗೋಡೆ-ಸೂರಿಗೆ ಬಿಗಿಯುವುದು. ಅದರಿಂದ ಬಾಗಿಲು ಏಳುವುದೂ ಇಲ್ಲ, ಇಳಿಯುವುದೂ ಇಲ್ಲ. ಸ್ಪ್ರಿಂಗ್ ಯಾವತ್ತಾದರೂ ತುಂಡಾದರೆ ಅದು ಹಾರಿ ಯಾರ ಮೇಲೂ ಬೀಳದಂತೆ ಹಿಡಿದುಕೊಳ್ಳುತ್ತದೆ, ಅಷ್ಟೇ ಅದರ ಕೆಲಸ.

"ಈ ಮನೆಗೆ ನಾನೇ ಹೊಟ್ಟೆ ತಂತಿ ಕಣೇ," ಎನ್ನುತ್ತಿದ್ದಳು ನಗುತ್ತ, ಮುರಿದ ಹಲ್ಲಿನ ಸಂದಿಯನ್ನು ನಾಲಗೆಯಲ್ಲಿ ಮುಚ್ಚಿಕೊಂಡು. ನನಗೆ ನಗು ಬರುತ್ತಿರಲಿಲ್ಲ.

ಅಣ್ಣನ ಏಟಿಗೂ ಒಂದು ಲೆಕ್ಕವಿತ್ತು. ಹೊರಗೆ ಯಾರಾದರೂ ಅವನಿಗೆ ಒಂದು ಮಾತು ಅಂದರೆ ಮನೆಗೆ ಬಂದು ಅದು ಎರಡಾಗುತ್ತಿತ್ತು. ಗೋದಾಮಿನವನು ಗದರಿದರೆ ಇವಳ ಕೆನ್ನೆ, ಲಾರಿಯವನು ಬೈದರೆ ಇವಳ ಬೆನ್ನು. ಒಮ್ಮೆ ನಟ್ಟು ಬಿಗಿಯುವ ಪಾನಾದಿಂದ ಹೊಡೆದು ಕಿರುಬೆರಳು ಮುರಿದ. ಒಮ್ಮೆ ಗೋಡೆಗೆ ತಲೆ ಗುದ್ದಿಸಿದ, ಗೋಡೆಯ ಸುಣ್ಣ ಅವಳ ಕೂದಲಿಗೆ ಮೆತ್ತಿತ್ತು. ನಾನು ಕತ್ತರಿ ಹಿಡಿದುಕೊಂಡೇ ಓಡಿಹೋಗಿ ನಡುವೆ ನಿಂತದ್ದುಂಟು. "ತಂಗಿ ಅಂತ ಸುಮ್ನಿದೀನಿ, ಆಚೆ ಹೋಗು," ಎನ್ನುತ್ತಿದ್ದ. "ಅಣ್ಣ ಅಂತ ನಾನೂ ಸುಮ್ನಿದೀನಿ, ಇಲ್ದಿದ್ರೆ ಈ ಕತ್ತರಿ ಬಟ್ಟೆಗೆ ಮಾತ್ರ ಇರೋದಲ್ಲ," ಎನ್ನುತ್ತಿದ್ದೆ. ಆಮೇಲೆ ಅಂಗಡಿಗೆ ಬಂದು ಕೂತರೆ ಹೊಲಿಗೆ ಸೊಟ್ಟ ಹೋಗುತ್ತಿತ್ತು.

"ಬಿಟ್ಟು ಬಾ ಅತ್ತಿಗೆ, ನನ್ನ ಹತ್ರ ಇರು," ಎಂದು ಗೋಗರೆದೆ. ಅವಳು ತಲೆಯಾಡಿಸುತ್ತಿದ್ದಳು. "ಎದುರು ಮನೆಗೆ ಬಂದು ಕೂತ್ರೆ ರಸ್ತೆ ದಾಟೋಕೆ ಅವರಿಗೆ ಕಾಲಿಲ್ವಾ?"

ಆಗ ಮಗಳು ಹುಟ್ಟಿದಳು. ಅವಳನ್ನು ನಾವೆಲ್ಲ ಮರಿ ಎನ್ನುತ್ತೇವೆ, ಈಗ ನನ್ನ ಎತ್ತರಕ್ಕೆ ಬೆಳೆದಿದ್ದರೂ ಮರಿಯೇ. ತೊಟ್ಟಿಲ ಪಕ್ಕದಲ್ಲಿ ಕೂತು ಅತ್ತಿಗೆ ಅಣ್ಣನ ಮುಖ ನೋಡಿ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ನನಗೆ ಬೀಳೋದು ಬೀಳ್ಲಿ. ಇವಳ ಮೈ ಮೇಲೆ ಒಂದು ಕೈ ಬಿದ್ದ ದಿನ ಈ ಮನೇಲಿ ಹೆಣ ಬೀಳುತ್ತೆ. ಯಾರದ್ದು ಅಂತ ಅವತ್ತೇ ನೋಡೋಣ." ಅಣ್ಣ ನಕ್ಕುಬಿಟ್ಟ. ಆದರೆ ಆ ಮಾತು ಅವನಿಗೂ ನಾಟಿತ್ತು. ಎಷ್ಟೋ ವರ್ಷ ಮರಿಯ ಮೇಲೆ ಅವನ ಕೈ ಬೀಳಲಿಲ್ಲ. ಎದ್ದಾಗಲೆಲ್ಲ ನಡುವೆ ಅತ್ತಿಗೆ ಬಂದಿರುತ್ತಿದ್ದಳು, ಏಟು ಅವಳ ಮೇಲೇ ಮುಗಿಯುತ್ತಿತ್ತು. ಮರಿಯ ಮೈಮೇಲೆ ಒಂದು ಗೀರೂ ಇಲ್ಲದಂತೆ ಬೆಳೆಸಬೇಕು, ಅತ್ತಿಗೆಗೆ ಬೇಕಾಗಿದ್ದದ್ದು ಅದೊಂದೇ.

ಹಿಟ್ಟಿನ ಗಿರಣಿಯ ಬಾಗಿಲು ಸರಿಮಾಡಲು ಹೊರಟ ದಿನದ ಬೆಳಿಗ್ಗೆಯೂ ಅದೇ ಆಯಿತು. ಮರಿಯ ಕೈಯಿಂದ ಚೊಂಬು ಜಾರಿ ಅಣ್ಣನ ಬೂಟಿನೊಳಗೆ ನೀರು ತುಂಬಿತು. ಅವನು ಕೈ ಎತ್ತಿದ. ಅತ್ತಿಗೆ ನಡುವೆ ಹೊಕ್ಕಳು. ಏಟು ಕಿವಿಯ ಮೇಲೆ ಬಿತ್ತು. ರಸ್ತೆಯಲ್ಲಿ ಅಣ್ಣನ ಹಿಂದೆ ಏಣಿ ಹೊತ್ತು ನಡೆಯುತ್ತಿದ್ದ ಅವಳನ್ನು ನಾನು ಕೂಗಿದೆ. ಅವಳು ತಿರುಗಲಿಲ್ಲ. ಕಿವಿ ಗುಂಯ್ ಎನ್ನುತ್ತಿದ್ದದ್ದರಿಂದ ಕೇಳಿಸಲಿಲ್ಲವಂತೆ.

ಹಿಟ್ಟಿನ ಗಿರಣಿಯಲ್ಲಿ ನಡೆದದ್ದನ್ನು ಅತ್ತಿಗೆ ಹೇಳಿದ್ದಾಳೆ, ಅಲ್ಲಿ ಮೂಟೆ ಹೊರುವವರ ಮೇಸ್ತ್ರಿಯೂ ಹೇಳಿದ್ದಾನೆ. ಇಬ್ಬರ ಮಾತೂ ಒಂದೇ. ಲಾರಿಗೆ ಮೂಟೆ ತುಂಬುವ ಕಡೆಯ ದೊಡ್ಡ ಬಾಗಿಲು ಅದು, ಅಪ್ಪನೇ ಕೂರಿಸಿದ್ದು. ಗಾಳಿಯೆಲ್ಲ ಹಿಟ್ಟಿನ ಪುಡಿ, ಕಣ್ಣಿನ ರೆಪ್ಪೆ ಕೂಡ ಬೆಳ್ಳಗಾಗುತ್ತಿತ್ತು. ಬಾಗಿಲನ್ನು ಪೂರ್ತಿ ಮೇಲೆತ್ತಿ ಹಗ್ಗ ಬಿಚ್ಚಿ ನೋಡಿದರೆ ಎರಡೂ ಕಡೆಯ ಓಡುವ ರಾಟೆಗಳು ಸವೆದು ಅಂಚು ಒಡೆದಿದ್ದವು. ಹೊಸ ರಾಟೆ ತರಲು ಪೇಟೆಗೆ ಹೋಗಬೇಕು. ಗಿರಣಿಯ ಗುಮಾಸ್ತ ಹಾರಾಡಿದ.

"ಲಾರಿಗಳು ಸಾಲು ನಿಂತಿವೆ. ಬಾಗಿಲು ಹಾಕೋಕೆ ಬರಲ್ಲ ಅಂದ್ರೆ ಮೊದಲೇ ಹೇಳ್ಬೇಕಿತ್ತು. ಹೆಂಡ್ತಿನ ಕರ್ಕೊಂಡು ಗಿರಣಿ ನೋಡೋಕೆ ಬಂದ್ಯಾ?"

ಮೂಟೆಯವರು ಕಿಸಕ್ಕನೆ ನಕ್ಕರು. ಅಲ್ಲಿಗೆ ಅಣ್ಣನ ತಲೆ ಕೆಟ್ಟಿತು. ಒಡೆದ ರಾಟೆಗಳನ್ನು ಕಿತ್ತು ಮೂಲೆಗೆ ಎಸೆದ. ಬಾಗಿಲಿನಿಂದ ಬಂದ ಹಗ್ಗವನ್ನು ನೇರವಾಗಿ ಸ್ಪ್ರಿಂಗಿನ ಕೊಕ್ಕೆಗೇ ಕಟ್ಟಿದ, ಎರಡೂ ಕಡೆ. ಹೊಟ್ಟೆ ತಂತಿ ಗಂಟಿಗೆ ಅಡ್ಡ ಬರುತ್ತದೆ ಎಂದು ಅದನ್ನೂ ಬಿಚ್ಚಿ ನೆಲಕ್ಕೆ ಹಾಕಿದ.

ಇದು ಕಸುಬು ಗೊತ್ತಿಲ್ಲದವನು ಮಾಡುವ ತಪ್ಪಲ್ಲ. ಗೊತ್ತಿಲ್ಲದವನಿಗೆ ರಾಟೆ ಮುಟ್ಟುವ ಧೈರ್ಯವೇ ಬರುವುದಿಲ್ಲ. ಚಿಕ್ಕ ಅಂಗಡಿಗಳ ಹಗುರ ಬಾಗಿಲಿಗೆ ಉದ್ದನೆಯ, ಮೆತ್ತಗಿನ ಸ್ಪ್ರಿಂಗ್ ಹಾಕಿ ಹೀಗೆ ನೇರ ಕಟ್ಟುವುದುಂಟು. ಅಣ್ಣ ಅಂಥ ಹತ್ತಾರು ಬಾಗಿಲು ಮಾಡಿದ್ದ. ಕೈಗೆ ಅಭ್ಯಾಸವಿತ್ತು, ತಲೆಯಲ್ಲಿ ಕೋಪವಿತ್ತು. ಇಲ್ಲಿರುವುದು ರಾಟೆಗೆಂದೇ ಹಾಕಿದ ಗಿಡ್ಡ, ಗಟ್ಟಿ ಸ್ಪ್ರಿಂಗು ಎಂಬುದು ಆ ಗಳಿಗೆಯಲ್ಲಿ ಅವನಿಗೆ ಬೇಡವಾಗಿತ್ತು.

ಅತ್ತಿಗೆ ತನ್ನ ಪಾಡಿಗೆ ಗೆರೆ ಎಳೆದಿದ್ದಳು. ಬಾಗಿಲು ಒಂದು ಮೊಳ ಇಳಿಯಿತು. ಸ್ಪ್ರಿಂಗೂ ಒಂದು ಮೊಳ ಹಿಗ್ಗಿತು.

"ರೀ, ನಿಲ್ಲಿಸಿ. ಒಂದಕ್ಕೊಂದು ಓಡ್ತಾ ಇದೆ. ಬಾಗಿಲು ಪೂರ್ತಿ ಇಳಿದ್ರೆ ಸ್ಪ್ರಿಂಗ್ ಎರಡರಷ್ಟು ಹಿಗ್ಗುತ್ತೆ. ಬಲ ಹಂಚಿಕೊಳ್ಳೋಕೆ ಇನ್ನೊಂದು ಎಳೇನೂ ಇಲ್ಲ. ಬಾಗಿಲಿಗೆ ಬೇಕಾದ್ದಕ್ಕಿಂತ ನಾಲ್ಕರಷ್ಟು ಸೆಳೆತ ಬರುತ್ತೆ, ತಡೆಯಲ್ಲ ಅದು."

ಅವನು ಏಣಿಯಿಂದ ಇಳಿದು ಬಂದು ಮೂಟೆಯವರ ಎದುರೇ ಅವಳ ಬಾಯಿಗೆ ಹೊಡೆದ. ತುಟಿ ಒಡೆದು ರಕ್ತ ಗಲ್ಲಕ್ಕೆ ಇಳಿಯಿತು, ಅದರ ಮೇಲೆ ಹಿಟ್ಟು ಕೂತಿತು. "ಇನ್ನೊಂದು ಮಾತು ಬಂದ್ರೆ ಉಳಿದ ಹಲ್ಲೂ ಉದುರಿಸ್ತೀನಿ," ಎಂದ. ಯಾರೂ ನಗಲಿಲ್ಲ.

ಬಾಗಿಲು ಅರ್ಧಕ್ಕೆ ಬಂದ ಮೇಲೆ ಇಳಿಯಲು ಒಲ್ಲೆ ಎಂದಿತು. ಅಣ್ಣ ಮೇಸ್ತ್ರಿಯನ್ನೂ ಇನ್ನು ಮೂವರನ್ನೂ ಕರೆದು ಬಾಗಿಲಿನ ಕೆಳಪಟ್ಟಿಗೆ ಜೋತು ಬೀಳಿಸಿದ. ಗಂಡಸರು ಮುಕ್ಕರಿದು ಜಗ್ಗಿದರು. ಮೇಲೆ ಸ್ಪ್ರಿಂಗಿನ ಸುರುಳಿಗಳ ನಡುವೆ ಬೆರಳು ತೂರುವಷ್ಟು ಸಂದಿ ಬಿತ್ತು, ಕಬ್ಬಿಣ ಕಿರ್ ಎಂದಿತು. ಕೊನೆಗೆ ಬಾಗಿಲು ನೆಲ ಮುಟ್ಟಿತು. ಅಣ್ಣ ಅಗುಳಿ ಜಡಿದ. ಗುಮಾಸ್ತನ ಕಡೆ ತಿರುಗಿ, "ಬಂತಾ? ಈಗೇನಂತೀಯ?" ಎಂದು ಕೇಳಿದ. ಗುಮಾಸ್ತ ಒಳಗೆ ಹೋಗಿಯಾಗಿತ್ತು.

ಅಗುಳಿ ಬಾಗುತ್ತಿತ್ತು. ಅಣ್ಣ ಸುತ್ತಿಗೆ ಹಿಡಿದು ಅದರೆದುರು ಮಂಡಿಯೂರಿ ಕೂತ.

"ರೀ, ಅಲ್ಲಿಂದ ಏಳಿ!" ಅತ್ತಿಗೆ ಕೂಗಿದಳು. ಅವನು ತಿರುಗಿಯೂ ನೋಡಲಿಲ್ಲ. ಮತ್ತೊಮ್ಮೆ ಕೂಗಿದಳು, "ನಿಮ್ಮ ಕಾಲು ಹಿಡೀತೀನಿ, ಏಳಿ!" ಅವನು ಪಕ್ಕದಲ್ಲಿದ್ದ ಪಾನಾ ಎತ್ತಿ ಅವಳ ಕಡೆಗೆ ಬೀಸಿ ಎಸೆದ. ಅದು ಅವಳ ಭುಜಕ್ಕೆ ತಗುಲಿ ಬಿತ್ತು. ಆಗ ಅವಳು ಮೇಸ್ತ್ರಿಯ ಅಂಗಿ ಹಿಡಿದು ಎಳೆದುಕೊಂಡು ಹಿಂದಕ್ಕೆ ಸರಿದಳು.

ಎಡಗಡೆಯ ಸ್ಪ್ರಿಂಗ್ ತುಂಡಾದದ್ದು ಮೇಸ್ತ್ರಿಗೆ ಸಿಡಿಮದ್ದಿನಂತೆ ಕೇಳಿಸಿತಂತೆ. ಹಿಡಿದುಕೊಳ್ಳಲು ಹೊಟ್ಟೆ ತಂತಿ ಇರಲಿಲ್ಲ. ಹಗ್ಗಕ್ಕೆ ಕಟ್ಟಿದ್ದ ಮುಂದಿನ ತುಂಡು ಸೂರಿನಿಂದ ಬೀಸಿಕೊಂಡು ಕೆಳಗೆ ಬಂದು ಅಣ್ಣನ ಬಲಗೈಯನ್ನು ಮೊಣಕೈಯಿಂದ ಕೆಳಗೆ ಚಚ್ಚಿಹಾಕಿತು. ಅವನು ಕಿರುಚಲು ಬಾಯಿ ತೆರೆಯುವಷ್ಟರಲ್ಲಿ ಬಲಗಡೆಯ ಸ್ಪ್ರಿಂಗಿನ ಸೆಳೆತಕ್ಕೆ ಅಗುಳಿ ಕಿತ್ತು ಬಾಗಿಲು ಸೊಟ್ಟಗೆ ಮೇಲೆ ಹಾರಿತು. ಕೆಳಪಟ್ಟಿ ಅವನ ದವಡೆಗೆ ಹೊಡೆಯಿತು. ಅವನು ಹಿಂದಕ್ಕೆ ಎಗರಿ ಮೂಟೆ ಇಳಿಸುವ ಕಟ್ಟೆಯ ಅಂಚಿಗೆ ಸೊಂಟ ಬಡಿದು ಬಿದ್ದ. ಹಿಟ್ಟಿನ ಮೇಲೆ ರಕ್ತ ಹರಿದು ಅಂಟಂಟಾಗಿ ಕಲಸಿಕೊಂಡಿತು. ಅದನ್ನು ಹೇಳುವಾಗ ಮೇಸ್ತ್ರಿ ಮಾತು ನಿಲ್ಲಿಸಿ ನೀರು ಕೇಳಿದ.

ಮೂರನೇ ಸಲ ಯಾಕೆ ಕೂಗಲಿಲ್ಲ ಎಂದು ಕೇಳುವವರು ಇವತ್ತಿಗೂ ಇದ್ದಾರೆ. ಅವರ ಮೇಲೂ ಒಂದು ಸಲ ಪಾನಾ ಬೀಳಲಿ, ಆಮೇಲೆ ಅವರು ಎಷ್ಟು ಸಲ ಕೂಗುತ್ತಾರೆ ನೋಡೋಣ.

ಅಣ್ಣ ಬದುಕಿದ. ಬಲಗೈ ಹೋಯಿತು, ಸೊಂಟ ಏಳಲಿಲ್ಲ, ದವಡೆ ಸೊಟ್ಟಗೆ ಕೂಡಿಕೊಂಡು ಮಾತು ಮನೆಯವರಿಗೆ ಮಾತ್ರ ತಿಳಿಯುವಂತಾಯಿತು. ಅತ್ತಿಗೆ ಏಣಿ ಹೊತ್ತು ಒಬ್ಬಳೇ ಹೊರಟಳು. ಮೊದಲು ಮಾಡಿದ್ದು ಅದೇ ಗಿರಣಿಯ ಬಾಗಿಲು. ಹೊಸ ರಾಟೆ, ಹೊಸ ಸ್ಪ್ರಿಂಗು, ಎರಡೂ ಕಡೆ ಹೊಟ್ಟೆ ತಂತಿ. ಕೆಲಸ ಮುಗಿದ ಮೇಲೆ ಮೇಸ್ತ್ರಿಯ ಕಡೆಯವರು ಅವಳಿಗೆ ಬಾಗಿಲಮ್ಮ ಎಂದು ಹೆಸರಿಟ್ಟರು. ಕೆಲಸ ಸಾಲುಸಾಲಾಗಿ ಬಂತು. ಅವಳ ಬಾಯಿಗೆ ಹಳೆಯ ಚುರುಕು ಮರಳಿತು. ತೂಕದ ಲೆಕ್ಕ ಕೇಳಿದ ಒಬ್ಬ ದಪ್ಪ ಮಾಲೀಕನಿಗೆ, "ನೀವು ಈ ಕಡೆ ಹಗ್ಗಕ್ಕೆ ಜೋತು ಬಿದ್ರೆ ಸ್ಪ್ರಿಂಗ್ ಬೇಕಾಗೇ ಇಲ್ಲ ಸ್ವಾಮಿ," ಎಂದು ಹೇಳಿ ಎಲ್ಲರನ್ನೂ ನಗಿಸಿದಳಂತೆ. ನಾನು ಅಂಗಡಿಯಲ್ಲಿ ಕೂತು, ಅಂತೂ ಆ ಮನೆಯಲ್ಲಿ ಸದ್ದು ನಿಂತಿತು ಎಂದುಕೊಂಡೆ.

ಒಂದು ದಿನ ಅಣ್ಣನಿಗೆ ಅಂಗಿ ತೊಡಿಸಿ ನೋಡಲು ಹೋದರೆ ಅವನ ಕೆನ್ನೆ ಕಪ್ಪಗೆ ಕಂದಿತ್ತು.

"ಇದೇನು ಅತ್ತಿಗೆ?"

"ಕುರ್ಚಿಯಿಂದ ಜಾರಿ ಬಿದ್ರು," ಎಂದಳು ನನ್ನ ಮುಖ ನೋಡದೆ.

ನನಗೆ ಎಲ್ಲ ಅರ್ಥವಾಯಿತು. ಸುಳ್ಳು ಯಾಕೆ ಹೇಳಲಿ, ಮೊದಲಿಗೆ ನನಗೆ ಒಳಗೊಳಗೇ ತೃಪ್ತಿಯಾಯಿತು. ತಿನ್ನಲಿ, ಏಟಿನ ರುಚಿ ಅವನಿಗೂ ತಿಳಿಯಲಿ ಎನಿಸಿತು. ಮನೆಗೆ ಬಂದು ಊಟಕ್ಕೆ ಕೂತಾಗ ಮಾತ್ರ ಹಳೆಯ ಮಾತು ನೆನಪಾಗಿ ತಟ್ಟೆ ಸರಿಸಿದೆ. ಜಾರಿ ಬಿದ್ದೆ, ಜಾರಿ ಬಿದ್ರು. ಮಾತು ಅದೇ, ಮನೆ ಅದೇ, ಬಿದ್ದವರು ಮಾತ್ರ ಬೇರೆ. ನಾಳೆ ಮಾತಾಡೋಣ, ನಾಡಿದ್ದು ಮಾತಾಡೋಣ ಎಂದುಕೊಳ್ಳುತ್ತಿರುವಾಗಲೇ ಮರಿಯ ಲಂಗದ ಅಳತೆಯ ಸಂಜೆ ಬಂತು.

ನಾನು ಅವರ ಮನೆಯಲ್ಲೇ ಟೇಪು ಹಿಡಿದು ಮರಿಯ ಸೊಂಟ ಅಳೆಯುತ್ತಿದ್ದೆ. ಅತ್ತಿಗೆ ಕೆಲಸದಿಂದ ಬಂದವಳು ಕೈ ತೊಳೆದು ಅಣ್ಣನಿಗೆ ಉಣಿಸುತ್ತಿದ್ದಳು. ಎರಡು ತುತ್ತು ನುಂಗಿದ. ಮೂರನೆಯದನ್ನು ಅವಳ ಮುಖಕ್ಕೆ ಉಗಿದ. ಎಡಗೈಯಲ್ಲಿ ತಟ್ಟೆ ಬಡಿದ, ಬಿಸಿ ಅನ್ನ ಅವಳ ಕತ್ತಿಗೆ ಮೆತ್ತಿತು. ಆ ಸೊಟ್ಟ ದವಡೆಯಿಂದಲೇ ಮಗಳ ಎದುರು ಅವಳನ್ನು ಒಂದು ಹೊಲಸು ಮಾತು ಅಂದ. ನಮಗೆ ಮೂವರಿಗೂ ಅದು ತಿಳಿಯಿತು.

ಗೋಡೆ ಪಕ್ಕದ ಕೆಲಸದ ಬೆಂಚಿನ ಮೇಲೆ ಕತ್ತರಿಸಿಟ್ಟ ತಂತಿಹಗ್ಗದ ತುಂಡು ಬಿದ್ದಿತ್ತು. ಅತ್ತಿಗೆ ಅದನ್ನು ಎತ್ತಿಕೊಂಡಳು. "ಅತ್ತಿಗೆ, ಬೇಡ," ಎಂದೆ. ಅವಳ ಕಣ್ಣಿಗೆ ನಾನು ಕಾಣುತ್ತಲೇ ಇರಲಿಲ್ಲ. ಮೊದಲ ಏಟು ಭುಜಕ್ಕೆ ಬಿತ್ತು. ಅಣ್ಣ ಎಡಗೈಯಿಂದ ಮುಖ ಮುಚ್ಚಿಕೊಂಡ, ಥೇಟ್ ಅವಳು ಮುಚ್ಚಿಕೊಳ್ಳುತ್ತಿದ್ದಂತೆ. ಎರಡನೆಯದು ಆ ಕೈಯ ಮೇಲೇ ಬಿತ್ತು. "ಅನ್ನಿ! ಇನ್ನೊಂದ್ಸಲ ಅನ್ನಿ!" ಎಂದು ಕಿರುಚುತ್ತ ಮೂರನೆಯದಕ್ಕೆ ಕೈಯೆತ್ತಿದಳು.

ಟೇಪು ನನ್ನ ಕೈಯಿಂದ ಸರಕ್ಕನೆ ಜಾರಿತು. ಮರಿ ನಡುವೆ ಹೊಕ್ಕಿದ್ದಳು. ಹೇಗೆ ಹೋಗಿ ನಿಲ್ಲಬೇಕೆಂದು ಅವಳು ಹುಟ್ಟಿದಾಗಿನಿಂದ ನೋಡಿದ್ದಳಲ್ಲ. ತಂತಿ ಅವಳ ಕುತ್ತಿಗೆಯ ಬುಡದಿಂದ ತೋಳಿನವರೆಗೆ ಬಿತ್ತು. ಚರ್ಮ ಮೊದಲು ಬೆಳ್ಳಗೆ ಬಿರಿಯಿತು, ಆಮೇಲೆ ರಕ್ತ ಬಂತು.

ಮರಿ ಅಳಲಿಲ್ಲ. ಅಳುತ್ತಿದ್ದವನು ಅಣ್ಣ, ಆ ಮುರಿದ ಬಾಯಲ್ಲಿ ಹೋ ಹೋ ಎಂದು. ಅತ್ತಿಗೆ ತಂತಿಯನ್ನೇ ನೋಡಿದಳು, ಯಾರೋ ತಂದು ಕೈಗೆ ಕೊಟ್ಟುಹೋದಂತೆ.

"ಬಿದ್ದೇಬಿಡ್ತಲ್ಲೇ," ಎಂದಳು ನನಗೆ. "ಅವಳ ಮೇಲೆ ಬಿದ್ದೇಬಿಡ್ತು. ನಂದೇ ಬಿತ್ತು."

ಮುಂದಿನ ಗಳಿಗೆಯಲ್ಲಿ ಅವಳು ಬೆಂಚಿನ ಹತ್ತಿರ ಹೋಗಿದ್ದಳು. ಕಬ್ಬಿಣ ಕಚ್ಚಿ ಹಿಡಿಯುವ ವೈಸ್ ಅದರ ಮೇಲಿದೆ. ಬಲಗೈಯನ್ನು ಅದರ ಬಾಯೊಳಗಿಟ್ಟು ಎಡಗೈಯಿಂದ ಹಿಡಿ ತಿರುವತೊಡಗಿದಳು. ಹಲ್ಲು ಕಚ್ಚಿ, ಬಾಗಿಲಿನ ನಟ್ಟು ಬಿಗಿದಂತೆ ಬಿಗಿಯುತ್ತಿದ್ದಳು. ನಾನು ಹಿಂದಿನಿಂದ ತಬ್ಬಿ ಎಳೆದೆ. ಏಣಿ ಹೊತ್ತ ಮೈ ಅದು, ಹೊಲಿಗೆಯವಳ ಎಳೆತಕ್ಕೆ ಜಗ್ಗಲಿಲ್ಲ. ಬೆರಳುಗಳು ಬಿಳಿಚಿದವು. ಒಂದು ಉಗುರು ಸೀಳಿತು.

ಮರಿ ರಕ್ತ ಒರೆಸಿಕೊಳ್ಳುತ್ತ ಬಂದು ತಾಯಿಯ ಎಡಗೈಯನ್ನು ಹಿಡಿಯಿಂದ ಬಿಡಿಸಿದಳು. ನಿಧಾನವಾಗಿ ವೈಸಿನ ಹಿಡಿಯನ್ನು ಹಿಂದಕ್ಕೆ ತಿರುಗಿಸಿದಳು.

"ಬಿಡಮ್ಮ. ನಿನ್ನ ಕೈನೂ ಹೋದ್ರೆ ಇಬ್ಬರಿಗೂ ನಾನೇ ಉಣಿಸ್ಬೇಕಾಗುತ್ತೆ."

ಅತ್ತಿಗೆ ನೆಲದ ಮೇಲೆ ಕುಸಿದು ಕೂತು ಬಾಯಿ ಬಡಿದುಕೊಂಡು ಅತ್ತಳು. ಅಷ್ಟು ವರ್ಷ ಏಟು ತಿಂದಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಮರಿಯ ಗಾಯಕ್ಕೆ ನಾನು ಬಟ್ಟೆ ಕಟ್ಟಿ ಮುಗಿಸುವ ಹೊತ್ತಿಗೆ ಅವಳ ಅಳು ನಿಂತಿತ್ತು.

"ನಿಮ್ಮಣ್ಣನ್ನ ಕರ್ಕೊಂಡು ಹೋಗೇ," ಎಂದಳು.

ನನಗೆ ರೇಗಿತು. "ಹೊಡೆಯೋಳು ನೀನು, ಉಣಿಸೋಳು ನಾನಾ? ಚೆನ್ನಾಗಿದೆ ನ್ಯಾಯ!"

"ನ್ಯಾಯ ಅಲ್ಲ ಕಣೇ. ಅವರ ಮೇಲೆ ಕನಿಕರಾನೂ ಅಲ್ಲ. ಅವರು ಎದುರಿಗಿದ್ರೆ ಈ ಕೈ ಏಳ್ತಾನೇ ಇರುತ್ತೆ. ಎದ್ದಾಗೆಲ್ಲ ನಡುವೆ ಬರೋಳು ಇವಳೊಬ್ಬಳೇ."

ಮೇಸ್ತ್ರಿಯನ್ನು ಕರೆಸಿ, ಅಣ್ಣನನ್ನು ಕುರ್ಚಿಯ ಸಮೇತ ಎತ್ತಿಸಿಕೊಂಡು ರಸ್ತೆ ದಾಟಿಸಿದೆ. ಜನ ಕಿಟಕಿಗಳಿಂದ ನೋಡಿದರು. ಗಂಡನನ್ನು ಹೊರಗೆ ಹಾಕಿದಳು ಎಂದು ಅವತ್ತೇ ಹಬ್ಬಿತು. ಹಬ್ಬಲಿ.

ಈಗ ಅವನು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದಾನೆ. ಉಗಿಯುತ್ತಾನೆ, ಬೈಯುತ್ತಾನೆ, ಕೆಲವೊಮ್ಮೆ ಸುಮ್ಮನೆ ಗೋಡೆ ನೋಡುತ್ತಾನೆ. ನನಗೂ ಮೈ ಉರಿದು ಕೈ ಏಳುತ್ತದೆ. ಎದ್ದಾಗ ಕತ್ತರಿಯನ್ನು ಅಂಗಡಿಯಲ್ಲೇ ಬಿಟ್ಟು ರಸ್ತೆಗೆ ಹೋಗಿ ನಿಲ್ಲುತ್ತೇನೆ. ಮರಿ ತಾಯಿಯ ಜೊತೆ ಕೆಲಸಕ್ಕೆ ಹೋಗುತ್ತಾಳೆ, ಗೆರೆ ಎಳೆಯುವುದು ಈಗ ಅವಳ ಪಾಲಿಗೆ ಬಂದಿದೆ. ಕುತ್ತಿಗೆಯ ಗಾಯ ಮಾದಿದೆ, ಗುರುತು ಹೋಗಿಲ್ಲ. ಕತ್ತು ಮುಚ್ಚುವ ಹಾಗೆ ಅಂಗಿ ಹೊಲಿಯಲಾ ಎಂದು ಕೇಳಿದೆ. ಬೇಡ ಅತ್ತೆ, ಸೆಕೆಯಾಗುತ್ತೆ ಎಂದಳು.

ಅತ್ತಿಗೆ ಆಗಾಗ ಸಂಜೆ ಬರುತ್ತಾಳೆ. ಹೊಸ್ತಿಲಾಚೆ ನಿಲ್ಲುತ್ತಾಳೆ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು. ಅಲ್ಲಿಂದ ಹಿಂದಿನ ಕೋಣೆಯ ಕುರ್ಚಿ ಕಾಣುತ್ತದೆ.

"ಊಟ ಆಯ್ತಾ?" ಎಂದು ಕೇಳುತ್ತಾಳೆ. ಅಣ್ಣ ಒಮ್ಮೊಮ್ಮೆ ತಲೆಯಾಡಿಸುತ್ತಾನೆ, ಒಮ್ಮೊಮ್ಮೆ ಮುಖ ತಿರುಗಿಸುತ್ತಾನೆ.

ಮೊನ್ನೆ ನಾನು ಬೇಸರವಾಗಿ ಗದರಿದೆ. "ಯಾಕೆ ಹಾಗೆ ಹೊರಗೇ ನಿಲ್ತೀಯ? ಒಳಗೆ ಬಂದು ಕೂತ್ಕೋಬಾರ್ದಾ?"

ಅತ್ತಿಗೆ ಹೊಸ್ತಿಲನ್ನೊಮ್ಮೆ, ಅಣ್ಣನ ಕುರ್ಚಿಯನ್ನೊಮ್ಮೆ ನೋಡಿದಳು. ಎಷ್ಟು ದೂರವಿದೆ ಎಂದು ಕಣ್ಣಲ್ಲೇ ಅಳೆದಳು.

"ಬೇಡ ಕಣೇ, ಇಲ್ಲೇ ಇರ್ತೀನಿ," ಎಂದಳು. "ಇಲ್ಲಿಂದ ಕೈ ಎಟುಕಲ್ಲ."